ಹಳೆಯ ಅರಾಜಕತಾವಾದಿ ಪತ್ರಿಕೆಗಳ ಚಿತ್ರ, ಹಾಡು, ಕತೆ: ಹುಡುಕಿ ಓದುವ ಬಗೆ

ಪಿಕಾಸಿ ಎತ್ತಿದ ಕೂಲಿಯಾಳು, ಗಂಟುಮೂಟೆ ಹೊತ್ತು ನಡೆಯುವ ಮನೆಯಿಲ್ಲದ ಕುಟುಂಬ, ಹಣದ ಚೀಲದಂಥ ಹೊಟ್ಟೆಯ ಸಾಹುಕಾರ. ಇಂಥ ಕಪ್ಪುಬಿಳುಪು ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಅದರ ಹಿಂದೆಯೇ ಓದುಗರ ಪ್ರಶ್ನೆಗಳೂ ಬರುತ್ತವೆ. ಇದು ಯಾವ ಪತ್ರಿಕೆಯದು? ಪೂರ್ತಿ ಸಂಚಿಕೆ ಸಿಗುತ್ತಾ? ಫ್ರೆಂಚ್ ಬಾರದಿದ್ದರೆ ಓದೋದು ಹೇಗೆ? ನಮ್ಮ ಕವನ ಸಂಕಲನದ ಮುಖಪುಟಕ್ಕೆ ಹಾಕಿಕೊಳ್ಳಬಹುದಾ?

ಈ ನಾಲ್ಕಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ. ಎಲ್ಲಕ್ಕೂ ಮೊದಲು ಒಂದು ಮಾತು: ಚಿತ್ರವನ್ನಾಗಲಿ ಕವಿತೆಯನ್ನಾಗಲಿ ಅದು ಅಚ್ಚಾದ ಪುಟದಲ್ಲೇ ನೋಡಿ. ಪುಟದಿಂದ ಕತ್ತರಿಸಿ ತೆಗೆದರೆ ಅದು ಯಾರಿಗಾಗಿ, ಯಾವ ಅಪಾಯದ ನಡುವೆ, ಯಾರ ದುಡ್ಡಿನಲ್ಲಿ ಬಂತು ಎನ್ನುವುದೆಲ್ಲ ಕಳೆದುಹೋಗುತ್ತದೆ.

ಅರಾಜಕತಾವಾದ ಎಂದರೆ ಇಲ್ಲಿ ಗಲಭೆ, ಗೊಂದಲ ಅಂತ ಅಲ್ಲ. ಸರ್ಕಾರ, ದಣಿ, ಪಾದ್ರಿ ಯಾರೂ ಮೇಲೆ ಕೂರದೆ ಜನರೇ ಕೂಡಿ ಬದುಕು ನಡೆಸಬಹುದು ಎಂಬ ರಾಜಕೀಯ ವಿಚಾರ. ಈ ವಿಚಾರದ ಪತ್ರಿಕೆಗಳು ಹಲವು ದೇಶಗಳಲ್ಲಿ ಬಂದಿವೆ. ನಾನು ಮುಖ್ಯವಾಗಿ 1889ರಿಂದ 1914ರವರೆಗಿನ ಪ್ಯಾರಿಸ್ಸನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಚಿತ್ರಕಾರರೂ ಪತ್ರಿಕೆಯವರೂ ಅಷ್ಟು ಹತ್ತಿರ ನಿಂತ ಜಾಗ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬೇಕಾಗುವುದು ಇಷ್ಟೇ: ಇಂಟರ್ನೆಟ್, ಸ್ವಲ್ಪ ದೊಡ್ಡ ಪರದೆ, ಅನುವಾದದ ಆ್ಯಪ್, ಒಂದು ನೋಟ್ ಪುಸ್ತಕ. ಮೊಬೈಲಿನಲ್ಲಿ ನೋಡಬಹುದು, ಆದರೆ ಸಣ್ಣ ಅಕ್ಷರದ ನಾಲ್ಕು ಕಾಲಮ್ಮಿನ ಪುಟ ಓದಲು ಕಣ್ಣು ಸೋಲುತ್ತದೆ.

1. ಒಂದೇ ಪತ್ರಿಕೆ, ಒಂದೇ ವರ್ಷ ಆರಿಸಿಕೊಳ್ಳಿ

ಎಲ್ಲ ದೇಶಗಳ ಎಲ್ಲ ಪತ್ರಿಕೆಗಳನ್ನೂ ಒಟ್ಟಿಗೆ ಹಿಡಿಯಲು ಹೋದರೆ ಕೈಗೆ ಏನೂ ದಕ್ಕುವುದಿಲ್ಲ. ನಿಮಗೆ ಇಂಗ್ಲಿಷ್ ಮಾತ್ರ ಬರುತ್ತದೆ ಎಂದಾದರೆ 'ಮದರ್ ಅರ್ತ್'ನಿಂದ ಶುರು ಮಾಡಿ. ಎಮ್ಮಾ ಗೋಲ್ಡ್‌ಮನ್ ನ್ಯೂಯಾರ್ಕಿನಲ್ಲಿ 1906ರಿಂದ 1917ರವರೆಗೆ ನಡೆಸಿದ ಮಾಸಪತ್ರಿಕೆ ಇದು. 1914ರ ಸೆಪ್ಟೆಂಬರ್ ಸಂಚಿಕೆಯ ಮುಖಪುಟ ನೋಡಿ. ಎರಡು ತಲೆಯ ಮೃಗವೊಂದು ಮನುಷ್ಯನನ್ನು ಹರಿಯುತ್ತಿದೆ. ಒಂದು ತಲೆ ಬಂಡವಾಳ, ಇನ್ನೊಂದು ಸರ್ಕಾರ. ಬರೆದವರು ಮುಂದೆ ಜಗತ್ಪ್ರಸಿದ್ಧರಾದ ಕಲಾವಿದ ಮ್ಯಾನ್ ರೇ. ಯುರೋಪಿನಲ್ಲಿ ಆಗಷ್ಟೇ ಮಹಾಯುದ್ಧ ಶುರುವಾಗಿತ್ತು.

ಫ್ರೆಂಚಿಗೆ ಕೈ ಹಾಕುವ ಧೈರ್ಯ ಇದ್ದರೆ ಎರಡು ಪತ್ರಿಕೆಗಳಿವೆ. ಎಮಿಲ್ ಪೂಝೆಯ 'ಲ ಪೇರ್ ಪೆನಾರ್' (1889ರಲ್ಲಿ ಶುರು) ಮತ್ತು ಝಾನ್ ಗ್ರಾವ್ ಅವರ 'ಲೆ ತಾಂ ನೂವೋ' (1895–1914). ಮೊದಲನೆಯದು ಬೀದಿ ಮಾತಿನ ಬೈಗುಳದ ಪತ್ರಿಕೆ. ಎರಡನೆಯದು ಗಂಭೀರ ವಾರಪತ್ರಿಕೆ. ಕೆಲವು ಚಿತ್ರಕಾರರು ಎರಡಕ್ಕೂ ಬರೆದದ್ದುಂಟು. ಅದನ್ನು ಹೋಲಿಸಿ ನೋಡುವುದೇ ಒಂದು ಪಾಠ.

ಸ್ಪ್ಯಾನಿಷ್ ಬಲ್ಲವರಿಗೆ ಮೆಕ್ಸಿಕೋದ ಫ್ಲೋರೆಸ್ ಮಾಗೋನ್ ಸೋದರರ 'ರೆಹೆನೆರಸಿಯೋನ್' ಇದೆ. 1936ರಿಂದ 1938ರವರೆಗೆ ಸ್ಪೇನಿನ ಹೆಂಗಸರೇ ತಂದ 'ಮುಹೇರೆಸ್ ಲಿಬ್ರೆಸ್' ಕೂಡ ಇದೆ. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಲೂಸಿಯಾ ಸಾಂಚೆಸ್ ಸಾವೊರ್ನಿಲ್ ಕವಿ.

2. ಸಂಚಿಕೆ ಸಿಗುವ ಜಾಗ

ಫ್ರೆಂಚ್ ಪತ್ರಿಕೆಗಳಿಗೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ 'ಗಾಲಿಕಾ' ಜಾಲತಾಣ. ದುಡ್ಡು ಕೊಡಬೇಕಿಲ್ಲ. ಅಮೆರಿಕದ ಇಂಗ್ಲಿಷ್ ಪತ್ರಿಕೆಗಳಿಗೆ ಹಾಥಿಟ್ರಸ್ಟ್ ಮತ್ತು ಇಂಟರ್ನೆಟ್ ಆರ್ಕೈವ್. ಮಾಗೋನರ ಬರಹಕ್ಕೆ ಅವರದೇ ಹೆಸರಿನ ಡಿಜಿಟಲ್ ಸಂಗ್ರಹ ಇದೆ. ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ 1935ರಲ್ಲಿ ಶುರುವಾದ ಸಾಮಾಜಿಕ ಇತಿಹಾಸದ ಅಂತರರಾಷ್ಟ್ರೀಯ ಸಂಸ್ಥೆ, ಮಿಶಿಗನ್ ವಿಶ್ವವಿದ್ಯಾಲಯದ ಲಾಬಡಿ ಸಂಗ್ರಹ ಇವೆರಡೂ ಈ ವಿಷಯದ ದೊಡ್ಡ ಕಣಜಗಳು. ಅವುಗಳ ಕ್ಯಾಟಲಾಗ್ ನೋಡಿದರೆ ಯಾವ ಸಂಚಿಕೆ ಎಲ್ಲಿದೆ ಎಂದು ಗೊತ್ತಾಗುತ್ತದೆ.

ಹುಡುಕುವಾಗ ಹೆಸರನ್ನು ರೋಮನ್ ಲಿಪಿಯಲ್ಲೇ ಕೊಡಬೇಕು. ಸ್ಪೆಲಿಂಗ್ ಗೊತ್ತಿಲ್ಲದಿದ್ದರೆ ಚಿತ್ರಕಾರರ ವಿಕಿಪೀಡಿಯ ಪುಟದಿಂದ ನಕಲು ಮಾಡಿಕೊಳ್ಳಿ.

ಇಲ್ಲಿ ತುಂಬ ಜನ ಎಡವುವುದು ಪತ್ರಿಕೆಯ ಹೆಸರು ಬದಲಾದಾಗ. ಜಿನೀವಾದಲ್ಲಿ 1879ರಲ್ಲಿ ರಷ್ಯದ ಅರಾಜಕತಾವಾದಿ ಚಿಂತಕ ಕ್ರೊಪೊಟ್ಕಿನ್ ಶುರು ಮಾಡಿದ 'ಲ ರೆವೋಲ್ತೆ' ಪ್ಯಾರಿಸ್ಸಿಗೆ ಬಂದು 1887ರಲ್ಲಿ 'ಲಾ ರೆವೋಲ್ತ್' ಆಯಿತು. 1894ರಲ್ಲಿ ನಿಂತುಹೋಯಿತು. ಮರುವರ್ಷ ಅದರ ಸಂಪಾದಕ ಗ್ರಾವ್ ಕೈಯಲ್ಲೇ 'ಲೆ ತಾಂ ನೂವೋ' ಆಗಿ ಎದ್ದಿತು. 'ಪೇರ್ ಪೆನಾರ್' ನಡುವೆ ಒಂದೂವರೆ ವರ್ಷ 'ಲಾ ಸೋಸಿಯಾಲ್' ಹೆಸರಿನಲ್ಲಿ ಬಂತು. ಆದ್ದರಿಂದ 'ಈ ವರ್ಷದ ಸಂಚಿಕೆಗಳೇ ಇಲ್ಲ' ಎಂದುಕೊಳ್ಳುವ ಮುಂಚೆ ಆಗ ಪತ್ರಿಕೆಗೆ ಬೇರೆ ಹೆಸರಿತ್ತೇ ಎಂದು ನೋಡಿ.

3. ಚಿತ್ರಕ್ಕೆ ಮುಂಚೆ ಇಡೀ ಸಂಚಿಕೆ ತಿರುವಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರ್ಧ ಗಂಟೆಯ ಕೆಲಸ, ಆದರೆ ಉಳಿದೆಲ್ಲಕ್ಕೂ ತಳಪಾಯ.

ಮೊದಲು ತಲೆಪಟ್ಟಿ, ಅಂದರೆ ಪತ್ರಿಕೆಯ ಹೆಸರಿರುವ ಮೇಲಿನ ಭಾಗ. ತಾರೀಕು, ಬೆಲೆ, ವಿಳಾಸ ಬರೆದುಕೊಳ್ಳಿ. 'ಲೆ ತಾಂ ನೂವೋ' ಬೆಲೆ 10 ಸಾಂತೀಮ್ (ನೂರು ಸಾಂತೀಮಿಗೆ ಒಂದು ಫ್ರಾಂಕ್). ಕೂಲಿಯವನ ಕೈಗೆ ಎಟುಕಲಿ ಎಂದೇ ಇಟ್ಟ ಬೆಲೆ. ವಾರಪತ್ರಿಕೆಗಳ ಮೇಲೆ ಒಂದೇ ದಿನದ ಬದಲು '13–19 ಜೂನ್' ಎಂಬಂತೆ ಇಡೀ ವಾರವೇ ಇರುವುದುಂಟು. ಹಾಗೇ ಬರೆದುಕೊಳ್ಳಿ. ತಾರೀಕು ಇನ್ನೂ ವಿಚಿತ್ರವಾಗಿರುವುದೂ ಉಂಟು. 'ಪೇರ್ ಪೆನಾರ್' 1894ಕ್ಕೆ ತಂದ ಪಂಚಾಂಗದ ಮೇಲೆ 'ವರ್ಷ 102' ಎಂದಿದೆ. ಫ್ರೆಂಚ್ ಕ್ರಾಂತಿಯ ಗಣರಾಜ್ಯದಿಂದ ಎಣಿಸಿದ ಲೆಕ್ಕ ಅದು. ಅಚ್ಚಿನ ತಪ್ಪು ಎಂದು ತಿದ್ದಬೇಡಿ.

ಆಮೇಲೆ ಕೊನೆಯ ಪುಟದ ತಳಕ್ಕೆ ಹೋಗಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಬ್ಬರ ಹೆಸರಿರುತ್ತದೆ. ಫ್ರಾನ್ಸಿನ 1881ರ ಪತ್ರಿಕಾ ಕಾಯ್ದೆ ಪ್ರಕಾರ ಪ್ರತಿ ಪತ್ರಿಕೆಗೂ 'ಝೇರಾಂ' ಎಂಬ ಜವಾಬ್ದಾರ ವ್ಯಕ್ತಿ ಇರಲೇಬೇಕಿತ್ತು. ಕೇಸು ಬಿದ್ದರೆ ಜೈಲಿಗೆ ಹೋಗುವವರು ಅವರೇ. 'ಪೇರ್ ಪೆನಾರ್'ನ ಝೇರಾಂಗಳು ಒಬ್ಬರಾದ ಮೇಲೊಬ್ಬರು ಜೈಲು ಸೇರಿದರು. ಕೆಲವು ತಿಂಗಳ ಸಂಚಿಕೆಗಳನ್ನು ಸಾಲಾಗಿ ತೆರೆದು ಆ ಒಂದು ಸಾಲನ್ನಷ್ಟೇ ನೋಡುತ್ತಾ ಹೋಗಿ. ಹೆಸರು ಬದಲಾದ ವಾರ ಕಂಡರೆ ಅದರ ಹಿಂದಿನ ಸಂಚಿಕೆಗಳಲ್ಲಿ ಏನು ಅಚ್ಚಾಗಿತ್ತು ಎಂದು ತಿರುಗಿ ಓದಿ.

ಚಂದಾ ಪಟ್ಟಿ, ದೇಣಿಗೆ ಪಟ್ಟಿಗಳನ್ನೂ ಬಿಡಬೇಡಿ. 1894ರಲ್ಲಿ ಪೊಲೀಸರ ಕೈಗೆ ಸಿಕ್ಕ 'ಲಾ ರೆವೋಲ್ತ್' ಚಂದಾದಾರರ ಪಟ್ಟಿಯಲ್ಲಿ ಕವಿ ಮಲಾರ್ಮೆ, ಕಾದಂಬರಿಕಾರ ಅನಾತೋಲ್ ಫ್ರಾನ್ಸ್ ಅವರಂಥ ಹೆಸರುಗಳಿದ್ದವು.

4. ಚಿತ್ರ ಹೇಗೆ ಅಚ್ಚಾಗಿದೆ ಎಂದು ಗುರುತಿಸಿ

ಪರದೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿ ನೋಡಿ. ಮೂರು ಬಗೆ ಗೊತ್ತಿದ್ದರೆ ಸಾಕು.

ಮರದಚ್ಚು: ಮರದ ಹಲಗೆ ಕೊರೆದು ಮಾಡಿದ್ದು. ದಪ್ಪ ಕಪ್ಪು, ದಪ್ಪ ಬಿಳುಪು, ನಡುವೆ ಬೂದು ಬಣ್ಣ ಕಡಿಮೆ. ಫೆಲಿಕ್ಸ್ ವಾಲೊಟನ್ ಇದರಲ್ಲಿ ಪಳಗಿದ ಕೈ.

ಲೈನ್ ಬ್ಲಾಕ್: ಮಸಿಯಲ್ಲಿ ಬರೆದ ಗೆರೆಚಿತ್ರವನ್ನು ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆಸಿ ಮಾಡಿದ ಅಚ್ಚು. ನಮ್ಮ ಹಳೆಯ ಪ್ರೆಸ್ಸುಗಳಲ್ಲಿ 'ಬ್ಲಾಕ್ ಮಾಡಿಸೋದು' ಎನ್ನುತ್ತಿದ್ದರಲ್ಲ, ಅದೇ. ಅಕ್ಷರದ ಮೊಳೆ ಜೋಡಿಸಿದ ಪುಟದಲ್ಲಿಯೇ ಇದನ್ನೂ ಕೂರಿಸಿ ಒಟ್ಟಿಗೆ ಅಚ್ಚು ಹಾಕಬಹುದು. ಹಾಗಾಗಿ ಪತ್ರಿಕೆಯ ಒಳಗೆ ಬರಹದ ಪಕ್ಕದಲ್ಲೇ ಇರುವ ಚಿತ್ರಗಳಲ್ಲಿ ಇಂಥ ಗೆರೆಚಿತ್ರಗಳೇ ಜಾಸ್ತಿ.

ಕಲ್ಲಚ್ಚು: ನುಣುಪು ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಅಚ್ಚು ತೆಗೆಯುವುದು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ' ಅಚ್ಚಾಗಿದ್ದು ಇದೇ ವಿಧಾನದಲ್ಲಿ. ಬಳಪದ ಒರಟು ಕಣಕಣ, ನಸುಗಪ್ಪಿನಿಂದ ಕಡುಗಪ್ಪಿನವರೆಗಿನ ಛಾಯೆ ಎಲ್ಲ ಕಾಣಿಸುತ್ತದೆ. ಆದರೆ ಕಲ್ಲು ಮತ್ತು ಮೊಳೆ ಒಂದೇ ಯಂತ್ರದಲ್ಲಿ ಕೂರುವುದಿಲ್ಲ.

ಇದೇನು ಬರೀ ತಾಂತ್ರಿಕ ವಿಷಯ ಎಂದುಕೊಳ್ಳಬೇಡಿ. ಇದರಿಂದಲೇ ಹಣದ ಕತೆ ಬಿಚ್ಚಿಕೊಳ್ಳುತ್ತದೆ. ಕಲ್ಲಚ್ಚು ಪತ್ರಿಕೆಯ ಪುಟದೊಳಗೆ ಬರಲಾರದು ಎಂದ ಮೇಲೆ ಅದು ಬಿಡಿ ಹಾಳೆಯಾಗಿ ಬರಬೇಕು. ಗ್ರಾವ್ ಅದನ್ನೇ ಪತ್ರಿಕೆಯ ಆದಾಯ ಮಾಡಿಕೊಂಡರು. ಪಿಸಾರೋ, ಸಿನ್ಯಾಕ್, ಲ್ಯೂಸ್, ಸ್ಟೈನ್ಲೆನ್ ಮೊದಲಾದವರಿಂದ ಕಲ್ಲಚ್ಚು ಚಿತ್ರ ಬರೆಸಿ ಬೇರೆಯಾಗಿ ಮಾರಿದರು. ಚಿತ್ರಕಾರರು ತಮ್ಮ ಕೃತಿಗಳನ್ನು ದಾನ ಕೊಟ್ಟು ಲಾಟರಿ ನಡೆಸಿದ್ದೂ ಉಂಟು. ಪತ್ರಿಕೆ ಹತ್ತೊಂಬತ್ತು ವರ್ಷ ಉಳಿದದ್ದರಲ್ಲಿ ಈ ಕಲಾವಿದರ ಪಾಲು ದೊಡ್ಡದು.

ಇಲ್ಲೊಂದು ಎಚ್ಚರಿಕೆ. 'ಲಸಿಯೆತ್ ಓ ಬರ್' (1901–1912) ಎಂಬ ಬಣ್ಣದ ವಾರಪತ್ರಿಕೆಯ ಚಿತ್ರಗಳು 'ಅರಾಜಕತಾವಾದಿ ಪತ್ರಿಕೆಯದು' ಎಂಬ ಹೆಸರಿನಲ್ಲಿ ತುಂಬ ಓಡಾಡುತ್ತವೆ. ಅದು ವ್ಯಾಪಾರಕ್ಕಾಗಿ ತಂದ ವಿಡಂಬನೆಯ ಪತ್ರಿಕೆ. ಅದರಲ್ಲಿ ಬರೆದ ಹಲವರು ಅರಾಜಕತಾವಾದಿಗಳು, ನಿಜ. ಚಿತ್ರಕಾರ ಕುಪ್ಕಾ 1902ರ ಜನವರಿಯಲ್ಲಿ ಹಣದ ಮೇಲೆ ಬರೆದ ಇಡೀ ಸಂಚಿಕೆ ಇದೆ. ಅದೇ ವರ್ಷ ಮಾರ್ಚ್ 1ಕ್ಕೆ ವಾಲೊಟನ್ 23 ಕಲ್ಲಚ್ಚು ಚಿತ್ರಗಳ ಸಂಚಿಕೆ ಕೊಟ್ಟರು. ಆದರೂ ಪತ್ರಿಕೆ ಬೇರೆ, ಅದರ ಚಿತ್ರಕಾರ ಬೇರೆ. ಒಂದರ ರಾಜಕೀಯವನ್ನು ಇನ್ನೊಂದರ ತಲೆಗೆ ಕಟ್ಟಬೇಡಿ.

5. ಈಗ ಚಿತ್ರದ ಒಳಗೆ ಹೋಗಿ

ಸಿನ್ಯಾಕ್ 1896ರಲ್ಲಿ 'ಲೆ ತಾಂ ನೂವೋ'ಗಾಗಿ ಮಾಡಿದ 'ಕೆಡವುವವರು' ಎಂಬ ಕಲ್ಲಚ್ಚನ್ನು ತೆರೆಯಿರಿ. ಬರಿಮೈಯ ಕೂಲಿಯಾಳು ಪಿಕಾಸಿ ಎತ್ತಿದ್ದಾನೆ. ಹಿಂದೆ ಇನ್ನೂ ಆಳುಗಳು. ಕಟ್ಟಡ ಬೀಳುತ್ತಿದೆ.

ಮೊದಲ ನೋಟಕ್ಕೆ ಇದು ಪ್ಯಾರಿಸ್ಸಿನ ಯಾವುದೇ ಬೀದಿಯ ದಿನಗೂಲಿ ಕೆಲಸ. ಬಾವುಟ ಇಲ್ಲ, ಘೋಷಣೆ ಇಲ್ಲ, ಬಂದೂಕು ಇಲ್ಲ. ಆದರೆ ಇದು ಮಾರಾಟವಾದದ್ದು ಹಳೆಯ ವ್ಯವಸ್ಥೆ ಬಿದ್ದೇ ಬೀಳಬೇಕು ಎಂದು ವಾರ ವಾರವೂ ಬರೆಯುತ್ತಿದ್ದ ಪತ್ರಿಕೆಯ ಓದುಗರಿಗೆ. ಅವರಿಗೆ ಆ ಗೋಡೆ ಬರೀ ಗೋಡೆಯಲ್ಲ.

ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ ಕೇಳಿ. ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ? ನೋಡುವವರಾದ ನಾವು ಎಲ್ಲಿ ನಿಂತಿದ್ದೇವೆ, ಕೆಳಗೋ, ಮೇಲೋ, ಪಕ್ಕದಲ್ಲೋ? ಚಿತ್ರದ ಅಡಿಯ ಬರಹ ಇಲ್ಲದಿದ್ದರೂ ಅರ್ಥ ನಿಲ್ಲುತ್ತದೆಯೇ?

ಮನೆಯಿಲ್ಲದವರನ್ನು ಕುರಿತ ಪಿಸಾರೋ ಕಲ್ಲಚ್ಚೂ 1896ರದೇ. ಇವೇ ಪ್ರಶ್ನೆಗಳನ್ನು ಹಿಡಿದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಎತ್ತಿದ ತೋಳು, ಇನ್ನೊಂದರಲ್ಲಿ ದಣಿದ ಕಾಲು. ನನಗೆ ಪಿಸಾರೋ ಚಿತ್ರವೇ ಹೆಚ್ಚು ನಾಟುತ್ತದೆ. ಅದು ಏನನ್ನೂ ಕೂಗಿ ಹೇಳುವುದಿಲ್ಲ, ಆದರೆ ನೋಡಿದವರನ್ನು ಸುಮ್ನೆ ಬಿಡುವುದೂ ಇಲ್ಲ.

ಪ್ರತಿಭಟನೆಯ ಚಿತ್ರ ಎಂದರೆ ಹೋರಾಟದ ದೃಶ್ಯವೇ ಇರಬೇಕೇ? ಈ ಜಗಳ ಆಗಲೇ ನಡೆದಿತ್ತು. 1891ರ ಜೂನ್‌ನಲ್ಲಿ ಸಿನ್ಯಾಕ್ ಹೆಸರು ಹಾಕದೆ, 'ಒಬ್ಬ ಸಂಗಾತಿ' ಎಂಬಂತೆ, 'ಲಾ ರೆವೋಲ್ತ್'ನಲ್ಲಿ ಲೇಖನ ಬರೆದರು. ಚಿತ್ರಕಾರ ಹೊಸ ರೀತಿಯಲ್ಲಿ ನೋಡಲು ಕಲಿಸಿದರೆ ಅದೇ ಹಳೆಯ ಸಮಾಜಕ್ಕೆ ಕೊಟ್ಟ ಪೆಟ್ಟು ಎಂಬುದು ಅವರ ವಾದ. ಪ್ಯಾರಿಸ್ ಪಕ್ಕದ ಮೋಂತ್ರೇಯ್ ಪುರಭವನದಲ್ಲಿ ಇವತ್ತಿಗೂ ಅವರ ದೊಡ್ಡ ವರ್ಣಚಿತ್ರ ಇದೆ. ಸಮುದ್ರದ ದಂಡೆಯಲ್ಲಿ ಜನ ಹಣ್ಣು ಕೀಳುತ್ತ, ಓದುತ್ತ, ಆಡುತ್ತ ಇದ್ದಾರೆ. ಅದಕ್ಕೆ ಅವರು ಮೊದಲು ಇಟ್ಟಿದ್ದ ಹೆಸರು 'ಅರಾಜಕತೆಯ ಕಾಲದಲ್ಲಿ'. ಆಮೇಲೆ 'ಸಾಮರಸ್ಯದ ಕಾಲದಲ್ಲಿ' ಎಂದಾಯಿತು.

6. ಹಾಡು, ಕತೆ, ಬೀದಿ ಭಾಷೆ

ಅನುವಾದದ ಆ್ಯಪ್ 'ಲೆ ತಾಂ ನೂವೋ'ದ ಫ್ರೆಂಚನ್ನು ಸಾಕಷ್ಟು ಚೆನ್ನಾಗಿ ತಿಳಿಸುತ್ತದೆ. 'ಪೇರ್ ಪೆನಾರ್' ಮುಂದೆ ಸೋಲುತ್ತದೆ. ಪೂಝೆ ಒಬ್ಬ ಚಪ್ಪಲಿ ಹೊಲೆಯುವ ಮುದುಕನ ಬಾಯಲ್ಲಿ ಇಡೀ ಪತ್ರಿಕೆ ಮಾತಾಡಿಸಿದರು. ಭಾಷೆ ಪ್ಯಾರಿಸ್ಸಿನ ಗಲ್ಲಿಯ 'ಆರ್ಗೋ', ಅಂದರೆ ಒಳಮಾತು. ಇದನ್ನು ಆ್ಯಪಿಗೆ ಕೊಟ್ಟರೆ ಕಸ ಬರುತ್ತದೆ. ದಾರಿ ಏನೆಂದರೆ, ಒಂದು ಪ್ಯಾರಾ ಮಾತ್ರ ಆರಿಸಿ, ಅರ್ಥವಾಗದ ಪದಗಳನ್ನು ಫ್ರೆಂಚ್ ವಿಕ್ಷನರಿಯಲ್ಲಿ ಒಂದೊಂದಾಗಿ ನೋಡಿ. ನಿಧಾನ ಆಗುತ್ತೆ. ಆದರೆ ಅನುವಾದ ಮಾಡುವಾಗ ಗ್ರಂಥಭಾಷೆಗೆ ಇಳಿಸಬೇಡಿ. ಪೂಝೆಯ ಮುದುಕ 'ಶೋಷಕ ವರ್ಗದವರು' ಎನ್ನುವುದಿಲ್ಲ. ನಿಮ್ಮೂರಿನ ಸಂತೆಯಲ್ಲಿ ಸಿಟ್ಟುಬಂದ ಮುದುಕ ಏನಂತಾನೋ ಅದನ್ನೇ ಬರೆಯಿರಿ.

ಹಾಡುಗಳ ತಲೆಯ ಮೇಲೆ ಯಾವ ಧಾಟಿ ಎಂದು ಅಚ್ಚಾಗಿರುತ್ತದೆ. ಅದನ್ನು ಹಾರಿಸಬೇಡಿ. 1894ರ ಪಂಚಾಂಗದಲ್ಲಿ ಬಂದ 'ಲಾ ರವಶೋಲ್' ಹಾಡು ಕ್ರಾಂತಿ ಕಾಲದ 'ಕಾರ್ಮಾನ್ಯೋಲ್' ಧಾಟಿಯದು. ಬಾಂಬ್ ಇಟ್ಟು ಹೆಸರಾಗಿ, ಕೊಲೆಯ ಆರೋಪದ ಮೇಲೆ 1892ರಲ್ಲಿ ಗಿಲೋಟಿನ್‌ಗೆ ತಲೆ ಕೊಟ್ಟ ರವಶೋಲ್ ಹೆಸರಿನ ಮೇಲೆ ಕಟ್ಟಿದ್ದು. ಬರೀ ಸಾಲು ಓದಿದರೆ ಒರಟಾಗಿ ಕಾಣುತ್ತದೆ. ಆ ಧಾಟಿಯನ್ನು ಹುಡುಕಿ ಕೇಳಿ. ಊರಿಗೆಲ್ಲ ಗೊತ್ತಿದ್ದ ಕುಣಿತದ ಧಾಟಿ ಅದು. ಓದು ಬಾರದವರೂ ಒಂದೇ ಸಲಕ್ಕೆ ಹಾಡಬಹುದಿತ್ತು.

ಕತೆ, ಕಾದಂಬರಿ ಭಾಗಗಳಿಗೆ 'ಲಾ ರೆವೋಲ್ತ್' ಮತ್ತು 'ಲೆ ತಾಂ ನೂವೋ'ದ ಸಾಹಿತ್ಯ ಪುರವಣಿ ನೋಡಿ. ಇಲ್ಲಿ ಹೊಸ ಬರಹಕ್ಕಿಂತ ಆಯ್ದುಕೊಂಡ ತುಣುಕುಗಳೇ ಜಾಸ್ತಿ. ದೊಡ್ಡ ಲೇಖಕರ ಪುಸ್ತಕಗಳಿಂದ ಸೈನ್ಯ, ಜೈಲು, ಹಸಿವು, ಮದುವೆ ಕುರಿತ ಭಾಗ ತೆಗೆದು ಹಾಕುತ್ತಿದ್ದರು. ಹಾಗಾಗಿ ಇಲ್ಲಿ ಒಬ್ಬ ಲೇಖಕರ ಹೆಸರು ಕಂಡಿತು ಎಂದ ಮಾತ್ರಕ್ಕೆ ಅವರು ಅರಾಜಕತಾವಾದಿ ಎಂದು ಬರೆಯಬೇಡಿ.

ಚಿತ್ರ, ಬರಹ ಎರಡೂ ಜೋಡಿಯಾಗಿ ಕೆಲಸ ಮಾಡುವುದನ್ನು ನೋಡಬೇಕೆಂದರೆ ಝೋ ದಾಕ್ಸಾ ತಂದ 'ಲಾ ಫೆಯ್' (1897–1899) ಸಾಕು. ಒಂದೇ ಹಾಳೆ. ಒಂದು ಬದಿ ಸ್ಟೈನ್ಲೆನ್ ಅಥವಾ ಇನ್ನೊಬ್ಬರ ಚಿತ್ರ, ಇನ್ನೊಂದು ಬದಿ ಝೋ ದಾಕ್ಸಾ ಬರಹ. 1898ರ ಚುನಾವಣೆಯಲ್ಲಿ ಇವರು 'ನ್ಯುಲ್' (ಅಂದರೆ ಶೂನ್ಯ) ಎಂಬ ಬಿಳಿ ಕತ್ತೆಯನ್ನು ಅಭ್ಯರ್ಥಿ ಎಂದು ಸಾರಿ, ಗಾಡಿಯ ಮೇಲೆ ಪ್ಯಾರಿಸ್ ಬೀದಿಗಳಲ್ಲಿ ಮೆರವಣಿಗೆ ಮಾಡಿದರು.

7. ಆ ವಾರ ಹೊರಗೆ ಏನು ನಡೆದಿತ್ತು, ನೋಡಿ

ನೋಟ್ ಪುಸ್ತಕದಲ್ಲಿ ಒಂದು ಕಾಲಮ್ ಇದಕ್ಕೇ ಇಡಿ. 1893ರ ಡಿಸೆಂಬರ್ 9ರಂದು ಅರಾಜಕತಾವಾದಿ ಆಗ್ಯುಸ್ತ್ ವೇಯಾಂ ಫ್ರೆಂಚ್ ಸಂಸತ್ತಿನೊಳಗೆ ಬಾಂಬ್ ಎಸೆದರು. ಮೂರೇ ದಿನದಲ್ಲಿ ಪತ್ರಿಕೆಗಳ ಕೈ ಕಟ್ಟುವ ಕಾನೂನು ಬಂತು. 1894ರ ಜೂನ್ 24ರಂದು ಅಧ್ಯಕ್ಷ ಸಾದಿ ಕಾರ್ನೋ ಕೊಲೆಯಾಯಿತು. ಜುಲೈನಲ್ಲಿ ಇನ್ನೂ ಬಿಗಿಯಾದ ಕಾನೂನು, ಆಗಸ್ಟ್‌ನಲ್ಲಿ 'ಮೂವತ್ತು ಜನರ ವಿಚಾರಣೆ'. ಕಲಾ ವಿಮರ್ಶಕ ಫೆಲಿಕ್ಸ್ ಫೆನೆಓಂ, ಸಂಪಾದಕ ಗ್ರಾವ್ ಇಬ್ಬರೂ ಕಟಕಟೆಯಲ್ಲಿ ನಿಂತರು. ಅವರ ಮೇಲಿನ ಆರೋಪ ನಿಲ್ಲಲಿಲ್ಲ. ಚಿತ್ರಕಾರ ಲ್ಯೂಸ್ ಮಾಝಾಸ್ ಜೈಲಿನಲ್ಲಿದ್ದರು. ಹೊರಬಂದು ಆ ಜೈಲಿನದೇ ಕಲ್ಲಚ್ಚು ಚಿತ್ರಗಳ ಸರಣಿ ಮಾಡಿದರು. ಪಿಸಾರೋ ಆ ಬೇಸಿಗೆ ಬೆಲ್ಜಿಯಮ್ಮಿಗೆ ಹೋಗಿ ಕೆಲವು ತಿಂಗಳು ಅಲ್ಲೇ ಉಳಿದರು. 1894ರಲ್ಲಿ ಪತ್ರಿಕೆಗಳು ದಿಢೀರನೆ ಇಲ್ಲವಾಗುವುದು ಇದರಿಂದ.

ಭಾರತಕ್ಕೆ ಏನಾದರೂ ನಂಟಿದೆಯಾ ಎಂದು ಕೇಳುವವರಿಗೆ: ಇದೆ. ಭಗತ್ ಸಿಂಗ್ 1928ರಲ್ಲಿ ಪಂಜಾಬಿ ಪತ್ರಿಕೆ 'ಕಿರ್ತಿ'ಯಲ್ಲಿ ಅರಾಜಕತಾವಾದದ ಮೇಲೆ ಲೇಖನಮಾಲೆ ಬರೆದರು. 1929ರ ಏಪ್ರಿಲ್ 8ರಂದು ದೆಹಲಿಯ ಅಸೆಂಬ್ಲಿಯಲ್ಲಿ ಎಸೆದ ಕರಪತ್ರ ಶುರುವಾಗುವುದೇ ಕಿವುಡರಿಗೆ ಕೇಳಿಸಲು ದೊಡ್ಡ ದನಿ ಬೇಕು ಎಂಬ ಮಾತಿನಿಂದ. ಅದು ವೇಯಾಂ ಮಾತು ಎಂದು ಕರಪತ್ರದಲ್ಲೇ ಹೇಳಿದೆ.

8. ಬಳಸುವ ಮುಂಚೆ ಹಕ್ಕು ನೋಡಿ, ಅಡಿಬರಹ ಸರಿಯಾಗಿ ಹಾಕಿ

'ನೂರು ವರ್ಷ ಹಳೆಯದು, ಯಾರ ಹಕ್ಕೂ ಇರಲ್ಲ' ಎಂಬುದು ಪೂರ್ತಿ ನಿಜವಲ್ಲ. ಭಾರತದಲ್ಲಿ ಲೇಖಕ ಅಥವಾ ಚಿತ್ರಕಾರ ತೀರಿಕೊಂಡ ಮೇಲೆ, ಮುಂದಿನ ವರ್ಷದ ಮೊದಲಿನಿಂದ ಎಣಿಸಿ, 60 ವರ್ಷ ಕಾಪಿರೈಟ್ ಇರುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ 70. ಪಿಸಾರೋ (1903), ಸ್ಟೈನ್ಲೆನ್ (1923), ವಾಲೊಟನ್ (1925), ಸಿನ್ಯಾಕ್ (1935), ಲ್ಯೂಸ್ (1941) ಇವರ ಚಿತ್ರಗಳಿಗೆ ಎರಡೂ ಕಡೆ ಅವಧಿ ಮುಗಿದಿದೆ. ಕುಪ್ಕಾ ತೀರಿಕೊಂಡದ್ದು 1957ರಲ್ಲಿ. ಭಾರತದಲ್ಲಿ ಮುಗಿದಿದೆ, ಯುರೋಪಿನಲ್ಲಿ 2027ರ ಕೊನೆಯವರೆಗೆ ಇದೆ. 'ಲಸಿಯೆತ್ ಓ ಬರ್'ಗೆ ಬರೆದ ಚಿತ್ರಕಾರರಾದ ವಾನ್ ಡಾಂಗೆನ್ ಮತ್ತು ಗ್ರಾಂಝುವಾಂ ಇಬ್ಬರೂ 1968ರಲ್ಲಿ ತೀರಿಕೊಂಡವರು. ಇವರ ಚಿತ್ರ ಇಲ್ಲೂ 2028 ಮುಗಿಯುವವರೆಗೆ ಕಾಯಬೇಕು. ಮ್ಯಾನ್ ರೇ 1976. ಹೊರದೇಶದ ಓದುಗರಿಗೂ ಪುಸ್ತಕ ಮಾರುವುದಾದರೆ ಆ ದೇಶದ ಲೆಕ್ಕವನ್ನೂ ನೋಡಿ.

ಸ್ಕ್ಯಾನ್ ಮಾಡಿದ ಗ್ರಂಥಾಲಯದ ನಿಯಮ ಬೇರೆಯೇ ಇರುತ್ತದೆ. ಗಾಲಿಕಾದ್ದು ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ, ಆದರೆ ಎಲ್ಲಿಂದ ತೆಗೆದದ್ದು ಎಂದು ಹೆಸರು ಹಾಕಬೇಕು. ಮಾರುವ ಪುಸ್ತಕದ ಮುಖಪುಟಕ್ಕಾದರೆ ಅವರ ಷರತ್ತುಗಳನ್ನು ಓದಿ, ಬರೆದು ಕೇಳಿ.

ಅಡಿಬರಹದಲ್ಲಿ ಇಷ್ಟು ಇರಲಿ: ಚಿತ್ರಕಾರರ ಹೆಸರು, ಚಿತ್ರದ ಹೆಸರು, ಅಚ್ಚಿನ ವಿಧಾನ, ಪತ್ರಿಕೆ, ಊರು, ತಾರೀಕು ಅಥವಾ ವರ್ಷ, ಸ್ಕ್ಯಾನ್ ಎಲ್ಲಿಯದು. ಉದಾಹರಣೆಗೆ: 'ಪೋಲ್ ಸಿನ್ಯಾಕ್, ಕೆಡವುವವರು, ಕಲ್ಲಚ್ಚು, ಲೆ ತಾಂ ನೂವೋ ಪತ್ರಿಕೆಗಾಗಿ, ಪ್ಯಾರಿಸ್, 1896', ಆಮೇಲೆ ಗ್ರಂಥಾಲಯದ ಹೆಸರು. ಸಹಿ ಇಲ್ಲದ ಚಿತ್ರವಾದರೆ 'ಚಿತ್ರಕಾರರ ಹೆಸರು ಅಚ್ಚಾಗಿಲ್ಲ' ಎಂದೇ ಬರೆಯಿರಿ. ಹೆಸರು ಮುಚ್ಚಿಟ್ಟುಕೊಳ್ಳಲು ಆಗ ಅವರಿಗೆ ಕಾರಣ ಇತ್ತು. ಶೈಲಿ ನೋಡಿ ಊಹಿಸಿ ಯಾರದೋ ಹೆಸರು ಅಂಟಿಸಿದರೆ ಆ ತಪ್ಪು ನೂರು ಕಡೆ ನಕಲಾಗುತ್ತದೆ. ಚಿತ್ರದ ಅಂಚನ್ನೂ ಕತ್ತರಿಸಬೇಡಿ. ಸಹಿ, ಪ್ರೆಸ್ಸಿನ ಹೆಸರು, ಬೆಲೆ ಎಲ್ಲ ಅಲ್ಲೇ ಇರುತ್ತವೆ.